ಐದು ವೋಲ್ಟಿನೊಳಗಿನ ಇತಿಹಾಸ

ಬಿ.ಟಿ.ಎಂ. ಲೇಔಟಿನ ಎರಡನೇ ಹಂತವನ್ನು ಜನ ಈಗಲೂ ಮೈಕೋ ಲೇಔಟ್ ಅಂತಲೇ ಕರೀತಾರೆ. ಅಲ್ಲಿನ ಪೊಲೀಸ್ ಠಾಣೆಯ ಹೆಸರೂ ಅದೇ. ಆದರೆ ಮೈಕೋ ಎಂಬ ಹೆಸರಿನ ಕಂಪನಿ ಈಗಿಲ್ಲ. ಮೋಟಾರ್ ಇಂಡಸ್ಟ್ರೀಸ್ ಕಂಪನಿ ಲಿಮಿಟೆಡ್ ಅನ್ನೋ ಉದ್ದ ಹೆಸರು ಬಾಯಲ್ಲಿ ಸವೆದು ಮೈಕೋ ಆಗಿತ್ತು. ಜರ್ಮನಿಯ ಬಾಷ್ ಕಂಪನಿಯ ಕೈಹಿಡಿದು 1951ರಲ್ಲಿ ಶುರುವಾದ ಈ ಸಂಸ್ಥೆ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು, ನಾಝಲ್ಲು ಮಾಡುತ್ತಾ ಬೆಳೆಯಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು. ಆಮೇಲೆ ಪಂಪಿನ ತಯಾರಿಕೆ ಬಿಡದಿ ಕಡೆಗೆ ಹೋಯಿತು. ಆಡುಗೋಡಿಯ ಹಳೆಯ ಕಾರ್ಖಾನೆಯ ಜಾಗದಲ್ಲಿ ಈಗಿರುವುದು ಗಾಜಿನ ಕಟ್ಟಡಗಳ ಕ್ಯಾಂಪಸ್ಸು. 2022ರ ಜೂನ್‌ನಲ್ಲಿ ಅದರ ಉದ್ಘಾಟನೆ ಆಯಿತು.

ಕಬ್ಬಿಣ ಕಡೆಯುತ್ತಿದ್ದ ಜಾಗದಲ್ಲಿ ಕೀಬೋರ್ಡ್ ಕುಟ್ಟುವವರು ಬಂದರು ಅಂತ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಎಲ್ಲರೂ ಹಾಗೇ ಹೇಳ್ತಾರೆ. ನನಗೆ ಇದರಲ್ಲಿ ಬೇರೊಂದು ಕತೆ ಕಾಣುತ್ತದೆ. ಎಂಜಿನ್ ಕಂಟ್ರೋಲ್ ಯೂನಿಟ್, ಅಂದರೆ ಇಸಿಯು, ಅದರ ಸೆನ್ಸರ್‌ಗಳ ಕೆಲಸದಲ್ಲಿ ಕೆಲವು ವರ್ಷ ಕಳೆದವನು ನಾನು. ಎಂಜಿನ್ ಬಿಸಿಯಾಗಿದೆಯೋ ತಣ್ಣಗಿದೆಯೋ, ಗಾಳಿ ಎಷ್ಟು ಸಿಗುತ್ತಿದೆ, ಚಾಲಕ ಎಷ್ಟು ಒತ್ತಿದ್ದಾನೆ: ಇದನ್ನೆಲ್ಲ ಎಂಜಿನ್ನಿಗೆ ಹೇಳೋರು ಯಾರು? ಈ ಪ್ರಶ್ನೆಗೆ 50 ವರ್ಷದ ಹಿಂದೆ ನಮ್ಮ ದಕ್ಷಿಣ ಬೆಂಗಳೂರಲ್ಲಿ ಸಿಗುತ್ತಿದ್ದ ಉತ್ತರ ಬೇರೆ, ಈಗಿನ ಉತ್ತರ ಬೇರೆ. ನಡುವಿನ ದಾರಿಯನ್ನು ಒಮ್ಮೆ ನಡೆದು ನೋಡೋಣ.

ಮೊದಲು 'ಕ್ಯಾಲಿಬ್ರೇಷನ್' ಅನ್ನೋ ಪದ. ಇದು ಐಟಿಯವರು ತಂದದ್ದಲ್ಲ. ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ 'ಡೀಸೆಲ್ ಪಂಪ್ ಕ್ಯಾಲಿಬ್ರೇಷನ್' ಅಂತ ಬೋರ್ಡು ಬರೆಸಿಕೊಂಡ ಅಂಗಡಿಗಳು ಕಂಪ್ಯೂಟರಿಗಿಂತ ಹಳೆಯವು. ಲಾರಿಯ ಪಂಪು ಬಿಚ್ಚಿ ತಂದು ಟೆಸ್ಟ್ ಬೆಂಚಿನ ಮೇಲೆ ಕೂರಿಸುತ್ತಾರೆ, ತಿರುಗಿಸುತ್ತಾರೆ. ಒಂದೊಂದು ನಾಝಲ್ಲಿನಿಂದ ಬಿದ್ದ ಡೀಸೆಲ್ಲನ್ನು ಸಾಲಾಗಿ ನಿಲ್ಲಿಸಿದ ಗಾಜಿನ ಕೊಳವೆಗಳಲ್ಲಿ ಹಿಡಿದು ಅಳೆಯುತ್ತಾರೆ. ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಮ್ಮಿ ಬಿದ್ದಿದ್ದರೆ ಸ್ಕ್ರೂ ತಿರುಗಿಸಿ ಸಮ ಮಾಡುತ್ತಾರೆ. ಬಾಷ್ ಇಂಥ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾಡತೊಡಗಿದ್ದು 1927ರಲ್ಲಿ. ಅದರೊಳಗೆ ತಂತಿ ಇಲ್ಲ, ವೋಲ್ಟು ಇಲ್ಲ. ವೇಗ ಎಷ್ಟೆಂದು ತಿಳಿಸುವುದಕ್ಕೆ ತಿರುಗುವ ತೂಕಗಳು, ಅವನ್ನು ಹಿಡಿದೆಳೆಯುವ ಸ್ಪ್ರಿಂಗು. ಕೆಲವು ಪಂಪುಗಳ ಮೇಲೆ ಗಾಳಿಯ ಒತ್ತಡಕ್ಕೆ ತಕ್ಕಂತೆ ಉಬ್ಬಿ ತಗ್ಗುವ ಒಂದು ಡಯಾಫ್ರಾಮ್. ಅಂದರೆ ಆಗಲೂ ಸೆನ್ಸರ್ ಇತ್ತು. ಆದರೆ ಅದು ಅಳೆದದ್ದು ಏನು, ಅದರ ಅರ್ಥ ಏನು ಅನ್ನೋದು ಸ್ಪ್ರಿಂಗಿನ ಬಿಗಿಯಲ್ಲೇ ಇತ್ತು. ಕಣ್ಣಿಗೆ ಕಾಣುತ್ತಿತ್ತು, ಸ್ಪ್ಯಾನರಿಗೆ ಸಿಗುತ್ತಿತ್ತು.

ಪೆಟ್ರೋಲ್ ಗಾಡಿಗಳಲ್ಲಿ ಆ ಕೆಲಸ ಕಾರ್ಬುರೇಟರಿನದು. ಅದರ ವಿಷಯಕ್ಕೆ ಬಂದರೆ ನಮ್ಮ ಊರಿಗೇ ಒಂದು ವಿಶೇಷ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರದ ಹತ್ತಿರ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್ ಇದ್ದರೆ, ಇಲ್ಲಿ ಹೆಚ್ಚೂಕಡಿಮೆ 91. ಗಾಳಿ ಸುಮಾರು ಹತ್ತು ಪರ್ಸೆಂಟ್ ತೆಳು. ಚೆನ್ನೈಯಲ್ಲಿ ಸರಿಯಾಗಿ ಕೂರಿಸಿದ ಕಾರ್ಬುರೇಟರ್ ಇಲ್ಲಿಗೆ ಬಂದಾಗ, ಗಾಳಿ ಕಡಿಮೆಯಾದಷ್ಟು ಪೆಟ್ರೋಲನ್ನು ಕಡಿಮೆ ಮಾಡುವುದಿಲ್ಲ. ಪ್ಲಗ್ಗು ಕಪ್ಪಾಗುತ್ತದೆ, ಮೈಲೇಜು ಇಳಿಯುತ್ತದೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಬೈಕಿನದು ಇದಕ್ಕೆ ಉಲ್ಟಾ ಕತೆ. ಮೆಕ್ಯಾನಿಕ್ಕು ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಿದ್ದ. ಮಸಿ ಹಿಡಿದಿದ್ದರೆ ಒಂದು ಅರ್ಥ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಇನ್ನೊಂದು, ಕಾಫಿಪುಡಿ ಬಣ್ಣ ಇದ್ದರೆ ಸರಿ. ಆಗ ಸೆನ್ಸರ್ ಅವನ ಕಣ್ಣು, ಅವನ ಕಿವಿ, ಅವನ ಮೂಗು.

ಇದನ್ನು ಕೆಡಿಸಿದ್ದು ಅಥವಾ ಸುಧಾರಿಸಿದ್ದು ಹೊಗೆ. ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, 60ರ ದಶಕದಲ್ಲಿ ಹೊಗೆಯ ಕಾನೂನು ಬಿಗಿಯಾಯಿತು. ಅಂದಾಜಿನ ಮೇಲೆ ಪೆಟ್ರೋಲು ಕೊಡುವ ಕಾರ್ಬುರೇಟರ್ ಅದಕ್ಕೆ ಸಾಲದಾಯಿತು. 1967ರಲ್ಲಿ ಬಾಷ್ 'ಡಿ-ಜೆಟ್ರಾನಿಕ್' ತಂದಿತು. ಮೊದಲು ಹೋದದ್ದು ಅಮೆರಿಕಕ್ಕೆ ಕಳಿಸುವ ಫೋಕ್ಸ್‌ವ್ಯಾಗನ್ 1600 ಕಾರಿಗೆ. ಡಿ ಅಂದರೆ ಜರ್ಮನ್ ಭಾಷೆಯಲ್ಲಿ 'ಡ್ರುಕ್', ಒತ್ತಡ. ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡವನ್ನು ಅಳೆದು, ಅದಕ್ಕೆ ತಕ್ಕಷ್ಟು ಹೊತ್ತು ಇಂಜೆಕ್ಟರ್ ತೆರೆಯುವುದು ಅದರ ಕ್ರಮ. ಒತ್ತಡ ಅಳೆಯುವ ಪೆಟ್ಟಿಗೆಯೊಳಗಿದ್ದದ್ದು ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿ. ಫ್ರಾನ್ಸಿನ ಲೂಸಿಯನ್ ವೀಡಿ 1844ರಲ್ಲಿ ಹವಾಮಾಪಕಕ್ಕೆ ಬಳಸಿದ ಡಬ್ಬಿಯ ವಂಶದ್ದೇ ಅದು.

ಶಾಖ ಅಳೆಯುವ ಸೆನ್ಸರ್‌ನ ಮೂಲ ಇನ್ನೂ ಹಿಂದೆ ಹೋಗುತ್ತದೆ. ದೇವರಮನೆಯ ಬೆಳ್ಳಿ ದೀಪ, ಪಂಚಪಾತ್ರೆ ಉಜ್ಜದೆ ಬಿಟ್ಟರೆ ಕಪ್ಪಾಗುತ್ತವಲ್ಲ, ಆ ಕಪ್ಪು ಬೆಳ್ಳಿಯ ಸಲ್ಫೈಡ್. 1833ರಲ್ಲಿ ಮೈಕೆಲ್ ಫ್ಯಾರಡೆ ಇದೇ ವಸ್ತುವನ್ನು ಬಿಸಿ ಮಾಡಿ ಒಂದು ವಿಚಿತ್ರ ಗಮನಿಸಿದ. ಲೋಹಗಳು ಬಿಸಿಯಾದಂತೆ ವಿದ್ಯುತ್ತನ್ನು ಹೆಚ್ಚು ತಡೆಯುತ್ತವೆ. ಇದು ಬಿಸಿಯಾದಂತೆ ಸಲೀಸಾಗಿ ಬಿಡುತ್ತದೆ. ಸುಮಾರು ನೂರು ವರ್ಷದ ನಂತರ ಇದರಿಂದ ಥರ್ಮಿಸ್ಟರ್ ಎಂಬ ಬಿಡಿಭಾಗ ಹುಟ್ಟಿತು. ಇವತ್ತು ಹೆಚ್ಚುಕಮ್ಮಿ ಪ್ರತಿ ಕಾರಿನ ಎಂಜಿನ್ನಿನಲ್ಲೂ ಕೂಲೆಂಟಿನ ನೀರಿಗೆ ತಾಗಿ ಕೂತಿರುವ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಸಣ್ಣ ಮೊಳೆ ಇದೇ.

ಡಿ-ಜೆಟ್ರಾನಿಕ್ ಕಾಲದಲ್ಲಿ ಇಸಿಯು ಕೂಡ ಅನಲಾಗ್. ವೋಲ್ಟು ಬಂತು, ಟ್ರಾನ್ಸಿಸ್ಟರ್‌ಗಳ ಜಾಲದಲ್ಲಿ ಹಾದು ಇಂಜೆಕ್ಟರ್ ತೆರೆಯಿತು. ಎಲ್ಲೂ ಅಂಕಿ ಇಲ್ಲ. ದೊಡ್ಡ ತಿರುವು 1979ರಲ್ಲಿ ಬಂದ 'ಮೋಟ್ರಾನಿಕ್'. ಬಿಎಂಡಬ್ಲ್ಯು 732ಐ ಕಾರಿಗೆ ಹಾಕಿದ ಅದರೊಳಗೆ ಮೈಕ್ರೋಪ್ರೊಸೆಸರ್ ಇತ್ತು. ಪ್ರೊಸೆಸರಿಗೆ ವೋಲ್ಟು ಅರ್ಥವಾಗದು, ಅಂಕಿ ಬೇಕು. ಹಾಗಾಗಿ ಹೊರಗಿನಿಂದ ಬರುವ 0ಯಿಂದ 5 ವೋಲ್ಟನ್ನು ಅಂಕಿ ಮಾಡಿ ಒಳಗೆ ಬಿಡಬೇಕು. ಹತ್ತು ಬಿಟ್ಟಿನ ಪರಿವರ್ತಕದಲ್ಲಿ 0 ವೋಲ್ಟಿಗೆ 0, 5 ವೋಲ್ಟಿಗೆ 1023, ಎರಡೂವರೆಗೆ 512ರ ಹತ್ತಿರ. ಸರಿ, 512 ಬಂತು. ಅದರ ಅರ್ಥ ಏನು? ಇಪ್ಪತ್ತು ಡಿಗ್ರಿಯೋ, ಐವತ್ತೋ? ಅದು ಅಂಕಿಯೊಳಗೆ ಎಲ್ಲೂ ಬರೆದಿರುವುದಿಲ್ಲ. ಯಾರೋ ಒಬ್ಬರು ಕೂತು ಒಂದು ಕೋಷ್ಟಕ ಬರೆದು 'ಇಷ್ಟಿದ್ದರೆ ಇಷ್ಟು' ಅಂತ ಹೇಳಬೇಕು. ಸ್ಪ್ರಿಂಗಿನ ಬಿಗಿಯಲ್ಲಿದ್ದ ಅರ್ಥ ಹೀಗೆ ಕೋಷ್ಟಕಕ್ಕೆ ದಾಟಿತು.

ಆ ಕೋಷ್ಟಕ ಬರೆಯುವುದು ಹೇಗೆ ಅಂತ ಒಂದು ಉದಾಹರಣೆಯಲ್ಲಿ ನೋಡಿಬಿಡೋಣ, ಸ್ವಲ್ಪ ಲೆಕ್ಕ ಇದೆ, ಭಯ ಬೇಡ. ತುಂಬಾ ಬಳಕೆಯಲ್ಲಿರುವ ಬಾಷ್ ಮಾದರಿಯ ಕೂಲೆಂಟ್ ಸೆನ್ಸರ್ 20 ಡಿಗ್ರಿಯಲ್ಲಿ 2500 ಓಮ್, 0 ಡಿಗ್ರಿಯಲ್ಲಿ ಸುಮಾರು 5900, 100 ಡಿಗ್ರಿಯಲ್ಲಿ ಬರೀ 187 ಓಮ್ ತೋರಿಸುತ್ತದೆ. ಇಸಿಯು ಓಮನ್ನು ನೇರವಾಗಿ ಓದಲಾರದು. ಅದಕ್ಕೆ ಇಸಿಯು ಒಳಗೇ 5 ವೋಲ್ಟಿನ ಕಡೆಯಿಂದ ಒಂದು ಗೊತ್ತಾದ ರೆಸಿಸ್ಟರ್ ಕೂರಿಸಿರುತ್ತಾರೆ, ಪುಲ್-ಅಪ್ ಅಂತಾರೆ. ಪುಲ್-ಅಪ್ ಮತ್ತು ಸೆನ್ಸರ್ ಇಬ್ಬರೂ ಆ 5 ವೋಲ್ಟನ್ನು ತಮ್ಮ ತಮ್ಮ ಓಮಿನ ಪ್ರಮಾಣಕ್ಕೆ ಹಂಚಿಕೊಳ್ಳುತ್ತಾರೆ. ಪುಲ್-ಅಪ್ ಕೂಡ 2500ರ ಹತ್ತಿರ ಇದ್ದರೆ, 20 ಡಿಗ್ರಿಯಲ್ಲಿ ಸಮಪಾಲು: ಎರಡೂವರೆ ವೋಲ್ಟು.

ಈಗ ಕೋಷ್ಟಕ ಬರೆಯುವವರು ಪುಲ್-ಅಪ್ 1000 ಓಮ್ ಅಂತ ತುಂಬಿದರು ಅನ್ನಿ. ಸೆನ್ಸರ್ ಸರಿ ಇದೆ, ತಂತಿ ಸರಿ ಇದೆ, ವೋಲ್ಟೂ ಸರಿ. ಆದರೆ ಇಸಿಯು ಲೆಕ್ಕ ಹಾಕಿ ಸೆನ್ಸರ್ 1000 ಓಮ್ ಇದೆ ಅಂದುಕೊಳ್ಳುತ್ತದೆ, ಹಾಗಾಗಿ ಎಂಜಿನ್ 45 ಡಿಗ್ರಿ ಇದೆ ಅನ್ನುತ್ತದೆ. ಬೆಳಗಿನ ಚಳಿಯಲ್ಲಿ ತಣ್ಣಗಿರುವ ಎಂಜಿನ್ನಿಗೆ ಕೊಡಬೇಕಾದ ಹೆಚ್ಚಿನ ಪೆಟ್ರೋಲನ್ನು ಪೂರ್ತಿ ಕೊಡುವುದಿಲ್ಲ. ಗಾಡಿ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಎಲ್ಲ ಭಾಗವೂ ಆರೋಗ್ಯವಾಗಿದ್ದು ಅರ್ಥ ಮಾತ್ರ ತಪ್ಪಿದರೆ ಆಗುವ ಕಾಯಿಲೆ ಇದು.

ಸೆನ್ಸರಿನ ಓಮು ಕೈಯಲ್ಲಿಲ್ಲದಿದ್ದರೆ ಮನೆಯಲ್ಲೇ ಕಂಡುಹಿಡಿಯಬಹುದು. ಐಸು ಹಾಕಿದ ನೀರಲ್ಲಿ ಒಮ್ಮೆ, ಹೊರಗಿನ ತಾಪದಲ್ಲಿ ಒಮ್ಮೆ, ಕುದಿಯುವ ನೀರಲ್ಲಿ ಒಮ್ಮೆ ಮಲ್ಟಿಮೀಟರ್ ಹಿಡಿದರೆ ಮೂರು ಬಿಂದು ಸಿಗುತ್ತವೆ. ಸ್ಟೈನ್‌ಹಾರ್ಟ್ ಮತ್ತು ಹಾರ್ಟ್ ಎಂಬಿಬ್ಬರು ಸಮುದ್ರದ ತಾಪ ಅಳೆಯುವವರಿಗಾಗಿ 1968ರಲ್ಲಿ ಪ್ರಕಟಿಸಿದ ಸಮೀಕರಣಕ್ಕೆ ಆ ಮೂರನ್ನೂ ಕೊಟ್ಟರೆ ಉಳಿದ ವಕ್ರರೇಖೆ ಅದೇ ಬರೆದುಕೊಳ್ಳುತ್ತದೆ. ಜಗತ್ತಿನಾದ್ಯಂತ ಕೈಪಿಡಿಗಳು ಕುದಿಯುವ ನೀರು ಅಂದರೆ 100 ಡಿಗ್ರಿ ಅಂತ ಬರೆದಿರುತ್ತವೆ. ಜಯನಗರದ ಅಡುಗೆಮನೆಯಲ್ಲಿ ನೀರು ಕುದಿಯುವುದು 97ಕ್ಕೆ! ನಮ್ಮ ತೆಳು ಗಾಳಿಯ ಕಾರಣ. ಮೂರು ಡಿಗ್ರಿ ಏನು ಮಹಾ ಅನ್ನಿಸಬಹುದು. ಆದರೆ ರೇಡಿಯೇಟರ್ ಫ್ಯಾನು ತಿರುಗುವುದು, ಎಂಜಿನ್ ಕಾದಿದೆ ಅಂತ ಎಚ್ಚರಿಕೆ ಕೊಡುವುದು ಎಲ್ಲ ಕೋಷ್ಟಕದ ಆ ಕೊನೆಯಲ್ಲೇ. ನಾನು ಹೊಸಬರಿಗೆ ಈ ಕೆಲಸ ಹೇಳಿಕೊಡುವಾಗ ಮೊದಲು ಕೇಳುತ್ತಿದ್ದದ್ದು ಇದನ್ನೇ: "ನಿಮ್ಮನೇಲಿ ನೀರು ಎಷ್ಟಕ್ಕೆ ಕುದಿಯುತ್ತೆ?" ಬಹಳ ಜನ ಸ್ಕೂಲಿನ ಉತ್ತರವನ್ನೇ ಕೊಡುತ್ತಿದ್ದರು.

ಇನ್ನೊಂದು ಜಾಣತನ ಸೆನ್ಸರುಗಳಲ್ಲೇ ಇದೆ. ಥ್ರಾಟಲ್ಲಿನ, ಒತ್ತಡದ ಸೆನ್ಸರುಗಳು 0ಯಿಂದ 5ರ ಪೂರ್ತಿ ಜಾಗ ಬಳಸುವುದಿಲ್ಲ; ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆವರೆಗೆ ಇರುತ್ತವೆ. ಮೇಲೆ ಕೆಳಗೆ ಬಿಟ್ಟ ಖಾಲಿ ಜಾಗ ಸುಳ್ಳನ್ನು ಹಿಡಿಯಲು. ತಂತಿ ತುಂಡಾದರೆ, ಶಾರ್ಟ್ ಆದರೆ, ವೋಲ್ಟು ಈ ಗೆರೆ ದಾಟಿ 0ಗೋ 5ಕ್ಕೋ ಅಂಟಿಕೊಳ್ಳುತ್ತದೆ. ಆಗ ಇಸಿಯು ಆ ಸೆನ್ಸರಿನ ಮಾತು ಬಿಟ್ಟು, ಮೊದಲೇ ಬರೆದಿಟ್ಟ ಒಂದು ಬದಲಿ ಅಂಕಿ ಹಿಡಿದು ನಿಧಾನವಾಗಿ ಮನೆ ತಲುಪಿಸುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹಚ್ಚುತ್ತದೆ. ಆಕ್ಸಿಲರೇಟರ್ ಪೆಡಲ್ಲಿಗಂತೂ ಒಂದು ಸಾಕ್ಷಿ ಸಾಲದು. ಎರಡು ಸೆನ್ಸರ್ ಇಟ್ಟು, ಒಂದರ ವೋಲ್ಟು ಇನ್ನೊಂದರ ಅರ್ಧದಷ್ಟೇ ಇರಬೇಕು ಅಂತ ನಿಯಮ ಮಾಡುವುದು ರೂಢಿ. ಇಬ್ಬರ ಮಾತು ತಾಳೆಯಾಗದಿದ್ದರೆ ಇಬ್ಬರನ್ನೂ ನಂಬುವುದಿಲ್ಲ.

ಭಾರತಕ್ಕೆ ಇದೆಲ್ಲ ಕಾನೂನಿನ ಬಾಗಿಲಿನಿಂದ ಬಂತು. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ ಯೂರೋ ನಿಯಮ ಬೇಗ ಜಾರಿ ಮಾಡಿ ಅಂತ ಆದೇಶ ಕೊಟ್ಟಿತು. ಆ ಹೊತ್ತಿಗೆ ಕಾರಿನ ಹಿಂದೆ 'ಎಂಪಿಎಫ್‌ಐ' ಅಂತ ಸ್ಟಿಕ್ಕರ್ ಹೆಮ್ಮೆಯಿಂದ ಕಾಣಿಸತೊಡಗಿತು. ಬೆಂಗಳೂರಿಗೆ 2005ರಲ್ಲಿ ಬಿಎಸ್-3, 2010ರಲ್ಲಿ ಬಿಎಸ್-4. ಬೈಕುಗಳಲ್ಲಿ 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಇಂಜೆಕ್ಷನ್ನಿನೊಂದಿಗೆ ಬಂದಾಗ ಜನ ಕುತೂಹಲದಿಂದ ನೋಡಿದರು, ಕೊಂಡವರು ಕಮ್ಮಿ. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂದ ಮೇಲೆ ಆ ಆಯ್ಕೆ ಹೆಚ್ಚೇನೂ ಉಳಿಯಲಿಲ್ಲ. ಅಂಗಡಿಯ ಬಹುಪಾಲು ಹೊಸ ಬೈಕುಗಳಿಂದ, ಸ್ಕೂಟರುಗಳಿಂದ ಕಾರ್ಬುರೇಟರ್ ಮಾಯವಾಯಿತು. ಹೆಲ್ಮೆಟ್ ಇಲ್ಲದೆ ಹಾಲು ತರಲು ಹೋಗುವ ಸ್ಕೂಟರಿನಲ್ಲೂ ಈಗ ಒಂದು ಇಸಿಯು, ಅದಕ್ಕೊಂದು ಕೋಷ್ಟಕ.

ಇದೇ ಕಾಲದಲ್ಲಿ ಆ ಕೋಷ್ಟಕ ಬರೆಯುವ ಕೆಲಸವೂ ನಮ್ಮ ಕಡೆಗೆ ಬಂತು. 90ರ ದಶಕದಿಂದ ಬೆಳೆದ ಬಾಷ್‌ನ ಸಾಫ್ಟ್‌ವೇರ್ ಘಟಕ ಕೋರಮಂಗಲದಲ್ಲಿದೆ. ಜರ್ಮನಿಯ ಹೊರಗೆ ಅವರ ಅತಿ ದೊಡ್ಡ ಅಭಿವೃದ್ಧಿ ಕೇಂದ್ರ ಅದು. ಹೊಸೂರು ರಸ್ತೆಯುದ್ದಕ್ಕೂ ಬೇರೆ ಕಂಪನಿಗಳೂ ಇದೇ ಕೆಲಸ ಮಾಡುತ್ತವೆ. ಬಿ.ಟಿ.ಎಂ., ಜೆ.ಪಿ. ನಗರದಲ್ಲಿ ಬಾಡಿಗೆಗಿರುವ ಎಷ್ಟೋ ಹುಡುಗ ಹುಡುಗಿಯರು ಬೆಳಗ್ಗೆ ಆಫೀಸಿಗೆ ಹೋಗಿ, ತಾವೆಂದೂ ಓಡಿಸದ ಯಾವುದೋ ದೇಶದ ಕಾರಿನ ಸೆನ್ಸರಿಗೆ ಅರ್ಥ ಬರೆದು ಬರುತ್ತಾರೆ. ಅವರ ಸ್ಕೂಟರ್ ಕೆಟ್ಟರೆ ತಳ್ಳಿಕೊಂಡು ಹೋಗುವ ಪಕ್ಕದ ರಸ್ತೆಯ ಗ್ಯಾರೇಜಿಗೆ ಮಾತ್ರ ಅಂಥ ಒಂದು ಕೋಷ್ಟಕವೂ ಕಾಣಸಿಗುವುದಿಲ್ಲ. ನನ್ನನ್ನು ಕಾಡುವುದು ಇದೇ.

ಬನಶಂಕರಿ ಎರಡನೇ ಹಂತದಲ್ಲಿ ನನಗೆ ಪರಿಚಯದ ಒಂದು ಗ್ಯಾರೇಜಿದೆ. ಮೂವತ್ತು ವರ್ಷದಿಂದ ಕಾರು ನೋಡುತ್ತಿರುವವರು. ಒಂದು ದಿನ ಬೆಳಗ್ಗೆ ಅವರಲ್ಲಿ ಹಳೆಯ ಇಂಜೆಕ್ಷನ್ ಕಾರೊಂದು ನಿಂತಿತ್ತು. ಸ್ಕ್ಯಾನರ್ ಹಾಕಿದರೆ ಫಾಲ್ಟ್ ಇಲ್ಲ, ದೀಪ ಹತ್ತಿಲ್ಲ, ಆದರೆ ಬೆಳಗ್ಗೆ ಸ್ಟಾರ್ಟ್ ಆಗಲ್ಲ.

"ನೋಡಿ ಸಾರ್, ಇದು ರಾತ್ರಿಯೆಲ್ಲ ನಿಂತಿರೋ ಗಾಡಿ. ಇಂಜಿನ್ ನಲವತ್ತೈದು ಡಿಗ್ರಿ ಅಂತ ತೋರಿಸ್ತಿದೆ," ಅಂದರು. ಆಮೇಲೆ ಅಂಗೈಯನ್ನು ಎಂಜಿನ್ನಿನ ಮೇಲಿಟ್ಟು, "ನೀವೂ ಮುಟ್ಟಿ. ಐಸ್ ಥರ ಇದೆ."

"ಹೀರ್ಕೊಳ್ಳೋ ಗಾಳಿದು ಎಷ್ಟು ತೋರಿಸ್ತಿದೆ ಅಣ್ಣ?" ಅಂದೆ.

"ಇಪ್ಪತ್ತೊಂದು. ರಾತ್ರಿ ನಿಂತಿರೋ ಗಾಡೀಲಿ ಎರಡೂ ಒಂದೇ ಇರಬೇಕಲ್ವಾ? ಯಾರೋ ಸೆನ್ಸರ್ ಚೇಂಜ್ ಮಾಡವ್ರೆ. ಮರೆ ಒಂದೇ, ಪ್ಲಗ್ ಒಂದೇ, ಒಳಗಿಂದು ಬೇರೆ."

ಅವರು ಹೇಳಿದ್ದು ಸರಿಯಾಗಿತ್ತು. ಬೇರೆ ಗಾಡಿಗೆ ಮಾಡಿದ, ನೋಡಲು ಹಾಗೇ ಇರುವ ಸೆನ್ಸರು. ಅದರ ವೋಲ್ಟು ನಂಬಬಹುದಾದ ಗೆರೆಯೊಳಗೇ ಇತ್ತು, ಹಾಗಾಗಿ ಇಸಿಯುಗೆ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ಅಂಗೈಗೆ. ಸೆನ್ಸರ್ ಬದಲಾಯಿಸಿದ ಮೇಲೆ ಗಾಡಿ ಒಂದೇ ಸಲಕ್ಕೆ ಎದ್ದಿತು. ನಾನು ಅವರಿಗೆ ಇನ್ನೊಂದು ಪರೀಕ್ಷೆ ಹೇಳಿದೆ: ಎಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿ, ಒತ್ತಡದ ಸೆನ್ಸರ್ ನಮ್ಮ ಊರಲ್ಲಿ 91ರ ಹತ್ತಿರ ತೋರಿಸಬೇಕು, 101 ತೋರಿಸಿದರೆ ಏನೋ ಎಡವಟ್ಟಾಗಿದೆ. ಅವರು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ 91 ಅಂತ ಬರೆದುಕೊಂಡರು.

ಕೋಷ್ಟಕವನ್ನು ಬರೆದವರೇ ಬಚ್ಚಿಟ್ಟುಕೊಂಡರೆ ಏನಾಗಬಹುದು ಅಂತ ಜಗತ್ತು 2015ರಲ್ಲಿ ನೋಡಿತು. ಆ ವರ್ಷ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್ನಿಗೆ ನೋಟಿಸ್ ಕೊಟ್ಟಿತು. ಡೀಸೆಲ್ ಕಾರುಗಳ ಸಾಫ್ಟ್‌ವೇರ್, ಸ್ಟಿಯರಿಂಗ್ ಎಷ್ಟು ತಿರುಗಿದೆ, ವೇಗ ಎಷ್ಟು, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಾಳಿಯ ಒತ್ತಡ ಎಷ್ಟು ಅಂತ ನೋಡಿ, 'ಇದು ರಸ್ತೆಯಲ್ಲ, ಹೊಗೆ ಪರೀಕ್ಷೆ' ಅಂತ ಗುರುತಿಸುತ್ತಿತ್ತು. ಪರೀಕ್ಷೆಯಲ್ಲಿ ಶುದ್ಧ, ರಸ್ತೆಯಲ್ಲಿ ಹೊಗೆ. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು ಈ ಪಟ್ಟಿಗೆ ಸೇರಿದವು. ಭಾರತದಲ್ಲೂ ಆ ವರ್ಷದ ಕೊನೆಗೆ 3,23,700 ಕಾರುಗಳನ್ನು ವಾಪಸ್ ಕರೆಸುವುದಾಗಿ ಕಂಪನಿ ಹೇಳಿತು. ಗಮನಿಸಿ, ಇಲ್ಲಿ ಸೆನ್ಸರುಗಳು ಸುಳ್ಳು ಹೇಳಲಿಲ್ಲ. ಪ್ರತಿಯೊಂದೂ ನಿಜವನ್ನೇ ಹೇಳಿತು. ಆ ನಿಜಗಳನ್ನು ಕೂಡಿಸಿ ಮೋಸಕ್ಕೆ ಬಳಸಿದ್ದು ಒಳಗೆ ಬರೆದ ಸಾಲುಗಳು, ಅವು ಹೊರಗಿನ ಯಾರಿಗೂ ಕಾಣುತ್ತಿರಲಿಲ್ಲ.

ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಿಂದೆ ಮುಖಕ್ಕೆ ಹೊಡೆಯುತ್ತಿದ್ದ ಹೊಗೆಯ ರುಚಿ ಕಂಡವರು ಯಾರೂ ಹಾಗನ್ನಲಾರರು. ವೋಲ್ಟು ಮತ್ತು ಕೋಷ್ಟಕ ಬಂದದ್ದರಿಂದಲೇ ಒಂದೊಂದು ಗಾಡಿಯ ಹೊಗೆ ಇಷ್ಟು ಇಳಿದದ್ದು. ಘಾಟಿ ಹತ್ತಿದರೂ ಇಳಿದರೂ ಈಗ ಬೈಕು ತಾನೇ ಹೊಂದಿಕೊಳ್ಳುತ್ತದೆ, ಸ್ಕ್ರೂ ತಿರುಗಿಸಬೇಕಿಲ್ಲ.

ಆದರೆ ಸ್ಪ್ರಿಂಗಿನ ಕಾಲದಲ್ಲಿ ಕಂಪನಿಗೆ ಗೊತ್ತಿದ್ದದ್ದು ಕಲಾಸಿಪಾಳ್ಯದ ಅಂಗಡಿಗೂ ಗೊತ್ತಾಗುತ್ತಿತ್ತು. ಪಂಪಿನ ಅಳತೆಯ ಪಟ್ಟಿ ಅಂಗಡಿಗೂ ಬರುತ್ತಿತ್ತು, ಅದಿಲ್ಲದೆ ಬೆಂಚಿನ ಮೇಲೆ ಕೆಲಸವೇ ನಡೆಯುತ್ತಿರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿ, ಕಂಪನಿಯ ಡೀಲರಿಗೆ ಸಿಗುವ ರಿಪೇರಿ ಮಾಹಿತಿ ಬೀದಿಯ ಗ್ಯಾರೇಜಿಗೂ ಸಿಗಬೇಕು ಅಂತ ಗೆದ್ದುಕೊಂಡರು. ನಮ್ಮಲ್ಲಿ 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ವಾಹನಗಳೂ ಅದರ ಪಟ್ಟಿಯಲ್ಲಿವೆ. ಇಡೀ ಸಾಫ್ಟ್‌ವೇರ್ ಬಿಚ್ಚಿಡಿ ಅಂತ ಯಾರೂ ಕೇಳುತ್ತಿಲ್ಲ. ಯಾವ ಸೆನ್ಸರಿಗೆ ಎಷ್ಟು ಡಿಗ್ರಿಯಲ್ಲಿ ಎಷ್ಟು ಓಮು, ಎಷ್ಟು ಒತ್ತಡಕ್ಕೆ ಎಷ್ಟು ವೋಲ್ಟು, ಯಾವ ಗೆರೆ ದಾಟಿದರೆ ಇಸಿಯು ನಂಬುವುದಿಲ್ಲ: ಒಂದು ಪುಟದ ವಿಷಯ. ಮಾದರಿಗೆ ಒಂದು ಪುಟ ಕನ್ನಡದಲ್ಲೇ ಅಚ್ಚಾಗಿ ಬಂದರೆ, ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳುವ ಕಷ್ಟ ನಮ್ಮ ಗ್ಯಾರೇಜಿನವರಿಗೆ ತಪ್ಪುತ್ತದೆ. ಅದನ್ನು ಬರೆಯಬಲ್ಲವರು ದೂರದಲ್ಲೇನೂ ಇಲ್ಲ, ಮೈಕೋ ಲೇಔಟಿನಲ್ಲೇ ಬಾಡಿಗೆಗಿದ್ದಾರೆ.